ಮೋಟಾರ್ ಸೈಕಲ್ಲಿಗೆ ಅಗ್ಗದ ರೇಡಿಯೊ ಕಿಟ್ ಆರಿಸುವುದು ಹೇಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ, ಆನ್‌ಲೈನ್ ಮಾರಾಟದಲ್ಲಾಗಲಿ ‘ಬೈಕ್ ಎಫ್‌ಎಂ ಕಿಟ್’, ‘ಬೈಕ್ ಆಡಿಯೊ ಸೆಟ್’ ಎಂಬ ಹೆಸರಿನಲ್ಲಿ ಸಿಗುವ ಸಾಮಾನು ಬಹುಮಟ್ಟಿಗೆ ಒಂದೇ ಬಗೆಯದು. ಹ್ಯಾಂಡಲಿಗೆ ಕಟ್ಟುವ ಎರಡು ಪುಟ್ಟ ಸ್ಪೀಕರು, ಅವುಗಳಲ್ಲೊಂದರ ಒಳಗೋ ಪ್ರತ್ಯೇಕ ಡಬ್ಬಿಯಲ್ಲೋ ಕೂತ ಆಂಪ್ಲಿಫೈಯರ್, ಎಫ್‌ಎಂ, ಬ್ಲೂಟೂತ್, ಯುಎಸ್‌ಬಿ ಮೂರನ್ನೂ ನೋಡಿಕೊಳ್ಳುವ ಒಂದು ಬೋರ್ಡು, ಗುಂಡಿಗಳು ಇಲ್ಲವೇ ರಿಮೋಟು, ಒಂದಿಷ್ಟು ತಂತಿ, ಒಂದು ಫ್ಯೂಸು, ನಾಲ್ಕಾರು ಕ್ಲಾಂಪು ಅದರಲ್ಲಿರುತ್ತವೆ. ಬೆಲೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇರುತ್ತದೆ.

ಈ ಬೆಲೆಯ ಕಿಟ್‌ಗಳಲ್ಲಿ ರೇಡಿಯೊ ಚಿಪ್ಪು, ಬ್ಲೂಟೂತ್ ಚಿಪ್ಪು ಹೆಚ್ಚುಕಡಿಮೆ ಒಂದೇ ಮಟ್ಟದವು. ಅಂಗಡಿಯ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ಹಾಡುತ್ತವೆ. ಒಂದು ಮಳೆಗಾಲ ದಾಟಿದ ಮೇಲೂ ಯಾವುದು ಹಾಡುತ್ತದೆ ಎಂಬುದನ್ನು ನಿರ್ಧರಿಸುವುದು ತಂತಿಯ ದಪ್ಪ, ಫ್ಯೂಸು ಕೂತಿರುವ ಜಾಗ, ಕ್ಲಾಂಪಿನ ಲೋಹ ಮತ್ತು ಕೀಲುಗಳಲ್ಲಿ ಹಾಕಿರುವ ರಬ್ಬರು. ಮಾರುವವರು ಇವುಗಳ ಸುದ್ದಿಯನ್ನೇ ಎತ್ತುವುದಿಲ್ಲ; ಬಣ್ಣದ ಎಲ್‌ಇಡಿ ಬೆಳಕನ್ನೂ ವಾಟ್ ಸಂಖ್ಯೆಯನ್ನೂ ಹೊಗಳುತ್ತಾರೆ. ಆದ್ದರಿಂದ ಕಡಿಮೆ ದುಡ್ಡಿನಲ್ಲಿ ಒಳ್ಳೆಯದನ್ನು ಆರಿಸಬೇಕೆನ್ನುವವರು ಪೆಟ್ಟಿಗೆ ತೆರೆದ ಕೂಡಲೇ ಮೊದಲು ಬಿಡಿಸಿ ನೋಡಬೇಕಾದದ್ದು ತಂತಿಯ ಸುರುಳಿ.

ಅದಕ್ಕೂ ಮುನ್ನ ಇಂಥ ಕಿಟ್ ನಿಮಗೆ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯೊಂದಿದೆ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಕೇಳುವ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಧರಿಸಿದವರಿಗೆ, ಹ್ಯಾಂಡಲಿನ ಮೇಲಿನ ಮೂರಿಂಚಿನ ಸ್ಪೀಕರಿನ ಮಾತು ಸ್ಪಷ್ಟವಾಗಿ ಕೇಳಿಸುವುದು ಕಷ್ಟ. ಪೇಟೆಯೊಳಗೆ, ಹಳ್ಳಿ ರಸ್ತೆಯಲ್ಲಿ, 40–50ರ ವೇಗದಲ್ಲಿ ಓಡಾಡುವವರಿಗೆ ಮಾತ್ರ ಈ ಕಿಟ್ ಕೊಟ್ಟ ಹಣಕ್ಕೆ ತಕ್ಕದ್ದು ಎನಿಸುತ್ತದೆ. ವಾರವಾರವೂ ಹೆದ್ದಾರಿ ಹಿಡಿಯುವವರು ಇಷ್ಟಕ್ಕೆ ಓದು ನಿಲ್ಲಿಸಿ ಹಣ ಉಳಿಸಿಕೊಳ್ಳಬಹುದು.

ವಾಟ್ ಎಷ್ಟೆಂದು ಫ್ಯೂಸನ್ನು ಕೇಳಿ

ಪೆಟ್ಟಿಗೆಯ ಮೇಲೆ 300 ವಾಟ್, 500 ವಾಟ್, ಕೆಲವೊಮ್ಮೆ 800 ವಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಎಂಜಿನ್ ಓಡುತ್ತಿರುವಾಗ ಬೈಕಿನ ವಿದ್ಯುತ್ ಒತ್ತಡ ಸುಮಾರು 14 ವೋಲ್ಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಬರುತ್ತದೆ. ಆದ್ದರಿಂದ 500 ವಾಟ್ ಬೇಕೆಂದರೆ ಒಂದಿಷ್ಟೂ ನಷ್ಟವಿಲ್ಲದಿದ್ದರೂ 35 ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಹರಿಯಬೇಕು. ಕಿಟ್ಟಿನ ಕೆಂಪು ತಂತಿಯ ಮೇಲಿರುವ ಫ್ಯೂಸ್ ಡಬ್ಬಿಯನ್ನು ಬಿಚ್ಚಿದರೆ ಅದರೊಳಗೆ ಸಿಗುವುದು 5 ಆಂಪಿಯರಿನ ಇಲ್ಲವೇ ಹೆಚ್ಚೆಂದರೆ 10 ಆಂಪಿಯರಿನ ಫ್ಯೂಸು. 5 ಆಂಪಿಯರಿನ ಫ್ಯೂಸು ನಿರಂತರವಾಗಿ ಬಿಟ್ಟುಕೊಡುವುದು 70 ವಾಟ್ ಮಾತ್ರ; ಅದರಲ್ಲೂ ಒಂದು ಭಾಗ ಆಂಪ್ಲಿಫೈಯರಿನಲ್ಲೇ ಶಾಖವಾಗಿ ಹೋಗುತ್ತದೆ. ಫ್ಯೂಸಿನ ಮೇಲೆ ಬರೆದ ಅಂಕಿ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಯಾವಾಗಲೂ ನಂಬಲರ್ಹ.

ಇನ್ನೊಂದು ಮಿತಿಯೂ ಇದೆ. ವೋಲ್ಟೇಜನ್ನು ಏರಿಸುವ ಪ್ರತ್ಯೇಕ ಸರ್ಕ್ಯೂಟ್ ಇಲ್ಲದ ಆಂಪ್ಲಿಫೈಯರು 4 ಓಮ್‌ನ ಒಂದು ಸ್ಪೀಕರಿಗೆ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಸ್ವರ ಒಡೆಯದಂತೆ, ಕೊಡಬಲ್ಲದ್ದು 20 ವಾಟಿನ ಸುತ್ತಮುತ್ತ ಮಾತ್ರ. ಕಾರಿನ ಸಾಮಾನ್ಯ ಸ್ಟೀರಿಯೊಗಳ ನಿಜವಾದ ಶಕ್ತಿಯೂ ಒಂದು ಸ್ಪೀಕರಿಗೆ ಇಷ್ಟೇ. ಹೀಗಿರುವಾಗ ಎರಡು ಸ್ಪೀಕರಿನ ಬೈಕ್ ಕಿಟ್ ‘ಆರ್‌ಎಂಎಸ್ 2×15 ವಾಟ್’ (ಆರ್‌ಎಂಎಸ್ ಎಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ) ಎಂದೋ ‘2×20 ವಾಟ್’ ಎಂದೋ ಬರೆದಿದ್ದರೆ ತಯಾರಕನಿಗೆ ಲೆಕ್ಕ ಗೊತ್ತಿದೆ ಎಂದು ತಿಳಿಯಬಹುದು. ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿಯ ಹೆಸರಿನಲ್ಲಿ ಉಬ್ಬಿಸಿದ ಲೆಕ್ಕ) ಎಂಬ ಅಕ್ಷರಗಳು ಕಂಡರೆ ಪಕ್ಕದ ಸಂಖ್ಯೆಯನ್ನು ಓದುವ ಅಗತ್ಯವೇ ಇಲ್ಲ. ಶಕ್ತಿ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಅಂದರೆ ಕಿವಿಗೆ ಸ್ವಲ್ಪ ಜಾಸ್ತಿಯಾಯಿತೇನೋ ಎನ್ನಿಸುವಷ್ಟು. ವಾಟಿಗಾಗಿ ಹೆಚ್ಚು ದುಡ್ಡು ಕೊಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಆಂಪ್ಲಿಫೈಯರಿನ ಬಗೆಗೆ ಕೇಳಬೇಕಾದದ್ದು ಅದು ‘ಕ್ಲಾಸ್ ಡಿ’ ಹೌದೇ ಎಂಬ ಒಂದೇ ಪ್ರಶ್ನೆ. ಈ ಬಗೆಯದು ತೆಗೆದುಕೊಂಡ ವಿದ್ಯುತ್ತಿನ ಶೇ 80ಕ್ಕೂ ಹೆಚ್ಚು ಭಾಗವನ್ನು ಸ್ಪೀಕರಿಗೆ ತಲುಪಿಸುತ್ತದೆ. ಹಳೆಯ ಬಗೆಯದು ಅರ್ಧದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಹತ್ತು ನಿಮಿಷ ಜೋರಾಗಿ ಹಾಡಿಸಿ ಡಬ್ಬಿಯನ್ನು ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಅದನ್ನು ಅಲ್ಲಿಯೇ ಬಿಡುವುದು ಕ್ಷೇಮ.

ಬ್ಯಾಟರಿಗೆ ಎಷ್ಟು ತಾಕತ್ತಿದೆ

100ರಿಂದ 125 ಸಿಸಿಯ ಹೆಚ್ಚಿನ ಬೈಕು, ಸ್ಕೂಟರುಗಳಲ್ಲಿ ಇರುವುದು 12 ವೋಲ್ಟಿನ, 3ರಿಂದ 5 ಆಂಪಿಯರ್-ಅವರಿನ (ಒಂದು ಆಂಪಿಯರನ್ನು ಒಂದು ಗಂಟೆ ಕೊಡಬಲ್ಲದ್ದು ಒಂದು ಆಂಪಿಯರ್-ಅವರ್) ಬ್ಯಾಟರಿ. 350 ಸಿಸಿಯ ರಾಯಲ್ ಎನ್‌ಫೀಲ್ಡ್‌ಗಳಲ್ಲಿ 8 ಅಥವಾ ಅದಕ್ಕಿಂತ ದೊಡ್ಡದು ಇರುತ್ತದೆ. ಚಿಕ್ಕ ಬ್ಯಾಟರಿ ಚಿಕ್ಕ ರೇಡಿಯೊವನ್ನೂ ನಡೆಸಲಾರದು ಎಂದು ಇದರ ಅರ್ಥವಲ್ಲ. ಎಂಜಿನ್ ಓಡುತ್ತಿರುವಾಗ ವಿದ್ಯುತ್ತು ಬರುವುದು ಮ್ಯಾಗ್ನೆಟ್ ಕಾಯಿಲಿನಿಂದ. ಸಾಧಾರಣ ಸದ್ದಿನಲ್ಲಿ ಹಾಡುವ ಕಿಟ್ ಸರಾಸರಿ ತೆಗೆದುಕೊಳ್ಳುವುದು ಒಂದೆರಡು ಆಂಪಿಯರ್. ತೊಂದರೆ ಬರುವುದು ಎರಡು ಸಂದರ್ಭಗಳಲ್ಲಿ: ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾಗಿ ಓಡುವಾಗ, ಮತ್ತು ಬೈಕು ಬೀಗ ಹಾಕಿಕೊಂಡು ನಿಂತಿರುವಾಗ.

ಮೊದಲನೆಯದನ್ನು ಹೀಗೆ ಪರೀಕ್ಷಿಸಬಹುದು. 2017ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟು ತಾನಾಗಿ ಉರಿಯುತ್ತಿರಬೇಕೆಂಬ ನಿಯಮವಿದೆ. ಹ್ಯಾಲೊಜೆನ್ ಬಲ್ಬಾದರೆ ಹಗಲಿನಲ್ಲೂ 35 ವಾಟ್ ಅದಕ್ಕೇ ಹೋಗುತ್ತದೆ. ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗೆ ಹಿಡಿದು, ಎಂಜಿನ್ ನಿಲ್ಲಿಸಿದಾಗ 12.5 ವೋಲ್ಟಿನ ಸುಮಾರಿಗೂ, ಎಂಜಿನ್ನಿನ ವೇಗ ಏರಿಸಿದಾಗ 13.8ರಿಂದ 14.5ರ ನಡುವೆಯೂ ಇದೆಯೇ ಎಂದು ನೋಡಿ. ಬಳಿಕ ಐಡ್ಲಿಂಗಿನಲ್ಲಿ ಹೆಡ್‌ಲೈಟು, ಬ್ರೇಕ್ ಲೈಟು, ಇಂಡಿಕೇಟರು ಮೂರನ್ನೂ ಒಟ್ಟಿಗೆ ಉರಿಸಿ. ಆಗಲೂ 13ಕ್ಕಿಂತ ಕೆಳಗಿಳಿಯದಿದ್ದರೆ ಕಿಟ್ ಸೇರಿಸಲು ಜಾಗವಿದೆ. 12.5ಕ್ಕೆ ಕುಸಿದರೆ ಮೊದಲು ಬ್ಯಾಟರಿಯನ್ನೂ ಕಾಯಿಲಿನ ಎಸಿ ವಿದ್ಯುತ್ತನ್ನು ಡಿಸಿಯಾಗಿಸುವ ರೆಕ್ಟಿಫೈಯರನ್ನೂ ಮೆಕ್ಯಾನಿಕ್ಕಿಗೆ ತೋರಿಸಿ, ರೇಡಿಯೊ ಯೋಚನೆಯನ್ನು ಮುಂದಕ್ಕೆ ಹಾಕಿ.

ಎರಡನೆಯದು ಹೆಚ್ಚು ಮೋಸದ್ದು. ಕಿಟ್ಟನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ, ಸ್ವಿಚ್ ಆಫ್ ಇದ್ದಾಗಲೂ ಬ್ಲೂಟೂತ್ ಮತ್ತು ರಿಮೋಟಿನ ಭಾಗ ಎಚ್ಚರವಾಗಿಯೇ ಇರುತ್ತದೆ. ಹೀಗೆ ತೆಗೆದುಕೊಳ್ಳುವುದು 20 ಮಿಲಿಆಂಪಿಯರ್ ಎಂದೇ ಇಟ್ಟುಕೊಂಡರೂ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಆಂಪಿಯರ್-ಅವರ್ ಸೋರಿಹೋಗುತ್ತದೆ. 3 ಆಂಪಿಯರ್-ಅವರಿನ ಬ್ಯಾಟರಿ ಆರು ದಿನಕ್ಕೆ ಪೂರ್ತಿ ಬರಿದು, ಸೆಲ್ಫ್ ಸ್ಟಾರ್ಟ್ ಅದಕ್ಕಿಂತ ಬಹಳ ಮೊದಲೇ ಕೈಕೊಡುತ್ತದೆ. ‘ಕಳ್ಳತನದ ಅಲಾರಂ ಉಚಿತ’ ಎಂದು ಮಾರುವ ಕಿಟ್‌ಗಳಲ್ಲಿ ಈ ಸೋರಿಕೆ ತಪ್ಪಿದ್ದಲ್ಲ, ಏಕೆಂದರೆ ಅಲಾರಮ್ಮಿನ ಕೆಲಸವೇ ಬೀಗ ಹಾಕಿದ ಮೇಲೆ ಎಚ್ಚರವಾಗಿರುವುದು. ಅಲಾರಂ ಇಲ್ಲದ ಕಿಟ್ಟನ್ನು ಕೊಳ್ಳಿ. ಅದನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ ನಡೆಸಿ.

ಹಳೆಯ ಬೈಕುಗಳ ವಿಷಯ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ದಿಗಳಲ್ಲಿ ಅನೇಕವು 6 ವೋಲ್ಟ್ ಡೈನಮೊದವು. 12 ವೋಲ್ಟಿನ ಕಿಟ್ ಅವುಗಳಲ್ಲಿ ಮಿಸುಕುವುದೂ ಇಲ್ಲ. ಅಂಥ ಗಾಡಿಯ ವೈರಿಂಗ್ ಕೆದಕುವುದಕ್ಕಿಂತ, ಮನೆಯಲ್ಲಿ ಚಾರ್ಜ್ ಮಾಡಿ ತರುವ ಪುಟ್ಟ ಬ್ಲೂಟೂತ್ ಸ್ಪೀಕರನ್ನು ಹ್ಯಾಂಡಲಿಗೆ ಕಟ್ಟುವುದು ಲೇಸು. ಕೆಲವು ವರ್ಷ ಹಿಂದಿನ ಚಿಕ್ಕ ಬೈಕುಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಬ್ಯಾಟರಿಯಿಂದ ಹೋಗದೆ ಕಾಯಿಲಿನಿಂದ ನೇರವಾಗಿ ಎಸಿ ರೂಪದಲ್ಲಿ ಹೋಗುತ್ತದೆ. ಅಲ್ಲಿ ಹೆಡ್‌ಲೈಟ್ ತಂತಿಯನ್ನು ಕಚ್ಚಿ ರೇಡಿಯೊಗೆ ಕೊಟ್ಟರೆ ಬೋರ್ಡು ಸುಡುವುದು ಬಹುತೇಕ ಖಚಿತ. ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಲೆಡ್-ಆಸಿಡ್ ಬ್ಯಾಟರಿಯ ಅಗ್ಗದ ಮಾದರಿಗಳಲ್ಲಿ 12 ವೋಲ್ಟಿನ ನಾಲ್ಕೋ ಐದೋ ಬ್ಯಾಟರಿಗಳು ಸಾಲಾಗಿರುತ್ತವೆ; ಕೈಗೆ ಸಿಕ್ಕಿದ ಒಂದರಿಂದ 12 ವೋಲ್ಟ್ ಎಳೆದುಕೊಳ್ಳುವವರುಂಟು. ಆ ಒಂದು ಬ್ಯಾಟರಿ ಉಳಿದವಕ್ಕಿಂತ ಹೆಚ್ಚು ಬರಿದಾಗುತ್ತಾ ಹೋಗಿ ಇಡೀ ಸಾಲನ್ನೇ ಹಾಳು ಮಾಡುತ್ತದೆ. ಅಲ್ಲಿ ಇಡೀ ಸಾಲಿನ ಒತ್ತಡವನ್ನು 12ಕ್ಕೆ ಇಳಿಸುವ ಡಿಸಿ ಕನ್ವರ್ಟರಿನಿಂದ ಬರುವ 12 ವೋಲ್ಟನ್ನಷ್ಟೇ ಮುಟ್ಟಬೇಕು.

ಸ್ಪೀಕರು ಮತ್ತು ನೀರು

ಮೂರಿಂಚಿನ ಸ್ಪೀಕರಿನಿಂದ ತಬಲಾ ಜೋಡಿಯ ಬಾಯಾದ ದಪ್ಪ ದನಿಯ ಗುಂಗು ನಿರೀಕ್ಷಿಸಬಾರದು. ಅದು ಮಾತಿಗೂ ಹಾಡುವ ದನಿಗೂ ಸಾಕು. ಕೋನ್ ಕಾಗದದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ಜಾಲರಿಯ ಸಂದಿಯಿಂದ ನೋಡಬಹುದು. ಕಾಗದದ ಕೋನ್ ಸ್ವರಕ್ಕೆ ಚೆನ್ನ, ಮಳೆಗೆ ಆಗದು. ಕೋನ್ ಸುತ್ತಲಿನ ಅಂಚು ಸ್ಪಂಜಿನದಾಗಿದ್ದರೆ ಬಿಸಿಲಿಗೆ ಪುಡಿಯಾಗುತ್ತದೆ, ರಬ್ಬರಿನದಾಗಿರಲಿ. ಜಾಲರಿ ತೆಗೆಯಲು ಬರುವಂತಿದ್ದರೆ ಎರಡು ಹೆಬ್ಬೆರಳನ್ನು ಕೋನಿನ ಎರಡು ಬದಿಯಲ್ಲಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಕರಕರ ಉಜ್ಜಿದ ಸದ್ದು ಬಂದರೆ ಒಳಗಿನ ಸುರುಳಿ ಓರೆಯಾಗಿದೆ, ಬೇರೆ ಜೋಡಿ ಕೇಳಿ. ಮುಂದೊಂದು ದಿನ ಸ್ಪೀಕರ್ ಬದಲಿಸುವುದಾದರೆ 4 ಓಮ್ ಇದ್ದಲ್ಲಿ 4 ಓಮ್‌ನದ್ದನ್ನೇ ಹಾಕಬೇಕು, 2 ಓಮ್‌ನದ್ದು ಆಂಪ್ಲಿಫೈಯರನ್ನು ಸುಡುತ್ತದೆ.

‘ವಾಟರ್‌ಪ್ರೂಫ್’ ಎಂಬ ಬರಹಕ್ಕೆ ಬೆಲೆಯಿಲ್ಲ. ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿಗೆ ಬೆಲೆಯಿದೆ. ಐಪಿ65 ಎಂದರೆ ದೂಳು ಒಳಗೆ ಹೋಗದು, ನೀರಿನ ಧಾರೆಯನ್ನು ತಡೆಯುತ್ತದೆ ಎಂದರ್ಥ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದು. ನಮ್ಮ ಬಳಕೆಗೆ 65 ಸಾಕು. ಆದರೆ ಆ ಅಂಕಿ ಸ್ಪೀಕರಿನದ್ದೋ ಇಡೀ ಕಿಟ್ಟಿನದ್ದೋ ಎಂದು ಗಮನಿಸಿ, ಏಕೆಂದರೆ ನೀರು ನುಗ್ಗುವುದು ಹೆಚ್ಚಾಗಿ ಯುಎಸ್‌ಬಿ ಬಾಯಿಯ ರಬ್ಬರ್ ಮುಚ್ಚಳದ ಮೂಲಕ ಮತ್ತು ತಂತಿಗಳು ಡಬ್ಬಿಯೊಳಗೆ ಹೋಗುವ ಕಂಡಿಯ ಮೂಲಕ. ಆ ಕಂಡಿಯಲ್ಲಿ ತಂತಿಯನ್ನು ಬಿಗಿಯಾಗಿ ಅಪ್ಪಿದ ರಬ್ಬರ್ ಬಿರಡೆ ಇರಬೇಕು. ಮಲೆನಾಡಿನ ಮಳೆಗಿಂತಲೂ ಕ್ರೂರವಾದದ್ದು ವಾಟರ್ ಸರ್ವಿಸಿನ ಗನ್ನು. ಗಾಡಿ ತೊಳೆಯಲು ಬಿಡುವಾಗ ಸ್ಪೀಕರಿಗೂ ಗುಂಡಿಗಳಿಗೂ ಪ್ಲಾಸ್ಟಿಕ್ ಚೀಲ ಸುತ್ತಿ ಕೊಡಿ. ಉಡುಪಿ, ಮಂಗಳೂರು, ಕಾರವಾರದ ಕಡೆಯವರು ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕ್ರೋಮ್ ಬಳಿದ ಸ್ಕ್ರೂಗಳ ಬದಲು ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿಕೊಳ್ಳುವುದು, ಕನೆಕ್ಟರುಗಳಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರುವುದು ಒಳ್ಳೆಯದು.

ರೇಡಿಯೊ ಹಿಡಿಯುವ ಬಗೆ

ಭಾರತದಲ್ಲಿ ಎಫ್‌ಎಂ ಪ್ರಸಾರ ನಡೆಯುವುದು 108 ಮೆಗಾಹರ್ಟ್ಸ್‌ವರೆಗೆ. ಬೆಂಗಳೂರಿನ ಆಕಾಶವಾಣಿ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ ಬರುತ್ತವೆ. ಜಪಾನ್ ಮಾರುಕಟ್ಟೆಗೆಂದು ತಯಾರಾಗಿ ಹಳೆಯ ಸಾಮಾನಿನ ಅಂಗಡಿ ಸೇರಿದ ಸೆಟ್ಟುಗಳು 76ರಿಂದ 90 ಅಥವಾ 95ರವರೆಗೆ ಮಾತ್ರ ತಿರುಗುತ್ತವೆ. ನೋಡಲು ಎಷ್ಟೇ ಚಂದವಿದ್ದರೂ ಈ ಎರಡು ಕೇಂದ್ರಗಳು ಅವಕ್ಕೆ ಸಿಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ 108ರವರೆಗೆ ತಿರುಗಿಸಿ ನೋಡಿ, ಜೊತೆಗೆ ಬ್ಯಾಟರಿ ಸಂಪರ್ಕ ತೆಗೆದು ಮತ್ತೆ ಕೊಟ್ಟಾಗ ಉಳಿಸಿಟ್ಟ ಕೇಂದ್ರಗಳು ನೆನಪಿನಲ್ಲಿವೆಯೇ ಎಂಬುದನ್ನೂ ಪರೀಕ್ಷಿಸಿ. ಕೀಲಿಯೊಂದಿಗೆ ಆಫ್ ಆಗುವಂತೆ ಜೋಡಿಸುವ ಕಿಟ್ಟಿಗೆ ಈ ನೆನಪು ಬೇಕೇ ಬೇಕು, ಇಲ್ಲದಿದ್ದರೆ ಪ್ರತಿ ಸಲ ಗಾಡಿ ಚಾಲೂ ಮಾಡಿದಾಗಲೂ ಕೇಂದ್ರ ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಆಂಟೆನಾ ಎಂದು ಕೊಡುವುದು ಸಾಮಾನ್ಯವಾಗಿ ಒಂದು ಎಳೆ ತಂತಿ. 100 ಮೆಗಾಹರ್ಟ್ಸ್ ಅಲೆಯ ಕಾಲುಭಾಗದ ಉದ್ದ 75 ಸೆಂಟಿಮೀಟರ್. ಆ ತಂತಿಯೂ ಅಷ್ಟಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಸುರುಳಿ ಸುತ್ತಿ ಟ್ಯಾಂಕಿನಡಿ ತುರುಕುವುದು ಮೆಕ್ಯಾನಿಕ್‌ಗಳ ರೂಢಿ. ಹಾಗೆ ಮಾಡಿದರೆ ಸುತ್ತಲಿನ ಲೋಹ ಅಲೆಯನ್ನು ತಡೆಯುತ್ತದೆ. ಹ್ಯಾಂಡಲಿನ ಉದ್ದಕ್ಕೋ ಮುಂದಿನ ಪ್ಲಾಸ್ಟಿಕ್ ಮುಖವಾಡದ ಒಳಬದಿಗೋ ನೀಟಾಗಿ ಚಾಚಿಸಿ. ಘಾಟಿ ರಸ್ತೆಗಳಲ್ಲಿ ಗುಡ್ಡ ಅಡ್ಡ ಬಂದರೆ ಯಾವ ಆಂಟೆನಾಕ್ಕೂ ಎಫ್‌ಎಂ ಸಿಗದು. ಆಕಾಶವಾಣಿಯ ಎಎಂ ಕೇಂದ್ರಗಳನ್ನು ಈ ಕಿಟ್‌ಗಳು ಹಿಡಿಯುವುದಿಲ್ಲ. ಧಾರವಾಡ ಕೇಂದ್ರ ಬೇಕೆನ್ನುವವರು ಪ್ರಸಾರ ಭಾರತಿಯ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಬ್ಲೂಟೂತ್ ಮೂಲಕ ಕೇಳಬಹುದು.

ತಂತಿ, ಕ್ಲಾಂಪು: ದುಡ್ಡು ಇರುವ ಜಾಗ

ಕೆಂಪು ಮತ್ತು ಕಪ್ಪು ತಂತಿಯ ಹೊದಿಕೆ ದಪ್ಪವಾಗಿ ಕಂಡ ಮಾತ್ರಕ್ಕೆ ಒಳಗಿನ ತಾಮ್ರ ದಪ್ಪವಾಗಿರುವುದಿಲ್ಲ. ತುದಿಯನ್ನು ಒಂದಿಷ್ಟು ಸುಲಿದು ಎಳೆಗಳನ್ನು ನೋಡಿ. ಬ್ಲೇಡಿನಿಂದ ಒಂದೆಳೆಯನ್ನು ಹೆರೆಯಿರಿ. ಹೊರಗೆ ಕೆಂಪಾಗಿದ್ದು ಹೆರೆದಾಗ ಒಳಗೆ ಬಿಳಿಯಾಗಿ ಕಂಡರೆ ಅದು ತಾಮ್ರ ಸವರಿದ ಅಲ್ಯುಮಿನಿಯಂ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ತವರ ಸವರಿದ ತಾಮ್ರ, ಅದು ಉತ್ತಮ. ಅಲ್ಯುಮಿನಿಯಂ ಎಳೆ ಒಂಟಿ ಸಿಲಿಂಡರಿನ ಅದುರಿಗೆ ಕೆಲವೇ ತಿಂಗಳಲ್ಲಿ ಕಡಿಯುತ್ತದೆ, ಕಡಿದ ಜಾಗ ಬಿಸಿಯಾಗುತ್ತದೆ. 5 ಆಂಪಿಯರಿನ ಕಿಟ್ಟಿಗೆ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಕಿಟ್ ಒಳ್ಳೆಯದಾಗಿದ್ದು ತಂತಿ ಮಾತ್ರ ಕಳಪೆಯಾಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡು ಮೀಟರ್ ಒಳ್ಳೆಯ ತಂತಿ ಕೊಂಡು ಬದಲಿಸಿದರಾಯಿತು. ಈ ಒಂದು ಬದಲಾವಣೆ ಅಗ್ಗದ ಕಿಟ್ಟನ್ನು ದುಬಾರಿಯದರ ಸಮಕ್ಕೆ ತರುತ್ತದೆ ಎಂಬುದು ನನ್ನ ಅಭಿಪ್ರಾಯ.

ಫ್ಯೂಸು ಬ್ಯಾಟರಿಯ ಕಡೆಯ ತುದಿಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಅನೇಕ ಕಿಟ್‌ಗಳಲ್ಲಿ ಅದು ಆಂಪ್ಲಿಫೈಯರಿನ ಪಕ್ಕದಲ್ಲಿರುತ್ತದೆ. ನಡುವಿನ ಮೀಟರ್ ಉದ್ದದ ತಂತಿ ಎಲ್ಲಾದರೂ ಚಾಸಿಗೆ ಉಜ್ಜಿ ಬರಿದಾದರೆ ಆ ಫ್ಯೂಸು ಕಾಪಾಡುವುದಿಲ್ಲ, ಪೆಟ್ರೋಲ್ ಟ್ಯಾಂಕಿನಡಿ ಬೆಂಕಿಗೆ ದಾರಿಯಾಗುತ್ತದೆ. ಫ್ಯೂಸ್ ಹೋಲ್ಡರು ಗಾಜಿನ ಕೊಳವೆಯ ಬಗೆಯದಾಗಿದ್ದರೆ ಬ್ಲೇಡ್ ಬಗೆಯದಕ್ಕೆ ಬದಲಿಸಿಕೊಳ್ಳಿ, ಗಾಜಿನದು ಅದುರಿಗೆ ಸಡಿಲವಾಗುತ್ತದೆ.

ಕ್ಲಾಂಪ್ ಕೊಳ್ಳುವ ಮುನ್ನ ಹ್ಯಾಂಡಲ್ ಕೊಳವೆಯ ಅಡ್ಡಳತೆಯನ್ನು ನೋಡಬೇಕು. ನಮ್ಮ ಹೆಚ್ಚಿನ ಬೈಕುಗಳದು 22 ಮಿ.ಮೀ.; ಕೆಲವು ಕ್ರೂಸರುಗಳದು 25.4, ನಡುವೆ ದಪ್ಪವಾಗುವ ಬಗೆಯ ಹ್ಯಾಂಡಲುಗಳದು ಮಧ್ಯದಲ್ಲಿ 28.6. ದೊಡ್ಡ ಕ್ಲಾಂಪಿಗೆ ರಬ್ಬರ್ ಪಟ್ಟಿ ಸುತ್ತಿ ಚಿಕ್ಕ ಕೊಳವೆಗೆ ಕೂರಿಸಬಹುದು, ಉಲ್ಟಾ ಆಗದು. ಕ್ರೋಮ್ ಮೆರುಗಿನ ಪ್ಲಾಸ್ಟಿಕ್ ಕ್ಲಾಂಪನ್ನು ಉಗುರಿನಿಂದ ತಟ್ಟಿದರೆ ಸದ್ದಿನಲ್ಲೇ ತಿಳಿಯುತ್ತದೆ. ಲೋಹದ್ದನ್ನೇ ಆರಿಸಿ, ನಟ್ಟಿನೊಳಗೆ ನೈಲಾನ್ ಉಂಗುರ ಇದೆಯೇ ನೋಡಿ. ಸ್ಕೂಟರುಗಳಲ್ಲಿ ಹ್ಯಾಂಡಲ್ ಪೂರ್ತಿ ಮುಚ್ಚಿರುವುದರಿಂದ ಕನ್ನಡಿಯ ಕಂಬಿಗೆ ಕಟ್ಟುವ ಕ್ಲಾಂಪು ಬೇಕಾಗುತ್ತದೆ.

ಜೋಡಿಸುವಾಗ

ಬಣ್ಣ ನೋಡಿ ತಂತಿ ಸೇರಿಸುವುದು ಈ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ಅಭ್ಯಾಸ. ಕಿಟ್ಟಿನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಆದರೆ ಹೋಂಡಾ ಗಾಡಿಗಳ ವೈರಿಂಗಿನಲ್ಲಿ ಹಸಿರು ತಂತಿ ಅರ್ತ್ (ಅಂದರೆ ಮೈನಸ್), ಕಪ್ಪು ತಂತಿ ಕೀಲಿ ತಿರುಗಿಸಿದಾಗ ಪ್ಲಸ್ ಬರುವಂಥದ್ದು. ಕಿಟ್ಟಿನ ಕಪ್ಪನ್ನು ಗಾಡಿಯ ಕಪ್ಪಿಗೆ ಸೇರಿಸಿದವರು ಮೈನಸ್ಸನ್ನು ಪ್ಲಸ್ಸಿಗೆ ಕಟ್ಟಿದಂತಾಗುತ್ತದೆ. ಕಾರಿನ ಬಗೆಯ ಸೆಟ್ಟಾದರೆ ಹಳದಿ ತಂತಿ ನೆನಪಿಗಾಗಿ ಸದಾ ವಿದ್ಯುತ್ ಬೇಡುತ್ತದೆ, ಕೆಂಪು ಕೀಲಿಯದು. ಮಲ್ಟಿಮೀಟರಿನಿಂದಲೋ ಟೆಸ್ಟ್ ಲ್ಯಾಂಪಿನಿಂದಲೋ ನೋಡಿಯೇ ಗಾಡಿಯ ಯಾವ ತಂತಿಯನ್ನಾದರೂ ಮುಟ್ಟಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತೆಗೆಯಬೇಕು, ಸೇರಿಸುವಾಗ ಮೈನಸ್ ಕೊನೆಗೆ.

ಒಳ್ಳೆಯ ಜೋಡಣೆಯಲ್ಲಿ ಹಾರ್ನಿಗೆ ಬಳಸುವಂಥದೇ ಒಂದು 12 ವೋಲ್ಟ್ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದ ಹೆಚ್ಚಿನ ವಿದ್ಯುತ್ತನ್ನು ಆನ್-ಆಫ್ ಮಾಡುವ ಸ್ವಿಚ್ಚು, ಇರುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿನ ಮೂಲಕ ಬಂದ ತಂತಿ ರಿಲೇಯ 30ನೇ ಪಿನ್ನಿಗೆ, 87ರಿಂದ ಕಿಟ್ಟಿನ ಕೆಂಪಿಗೆ. 86ಕ್ಕೆ ಕೀಲಿಯ ತಂತಿ, 85ಕ್ಕೆ ಅರ್ತ್. ಹೀಗೆ ಮಾಡಿದರೆ ಗಾಡಿಯ ಮೂಲ ವೈರಿಂಗಿನ ಮೇಲೆ ಬೀಳುವ ಹೊರೆ ರಿಲೇಯ ಸುರುಳಿಗೆ ಬೇಕಾದ ಅಲ್ಪ ವಿದ್ಯುತ್ತು ಮಾತ್ರ. ಕೀಲಿಯ ತಂತಿಯನ್ನು ಹಿಂದಿನ ಲೈಟಿನ ಕಪ್ಲರ್ (ತಂತಿಗಳನ್ನು ಕಳಚಿ ಸೇರಿಸುವ ಪ್ಲಗ್ಗು) ಬಳಿ ತೆಗೆದುಕೊಳ್ಳಬಹುದು. ಇಗ್ನಿಷನ್ನಿಗೋ ಇಂಧನ ಪಂಪಿಗೋ ಹೋಗುವ ತಂತಿಯನ್ನು, ಬಿಎಸ್6 ಗಾಡಿಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಹೋಗುವ ಯಾವ ತಂತಿಯನ್ನೂ ಮುಟ್ಟಬೇಡಿ. ಮೂಲ ವೈರಿಂಗನ್ನು ಕತ್ತರಿಸಿದರೆ ವಾರಂಟಿಯ ಮಾತಿಗೆ ಶೋರೂಮಿನವರು ಅದನ್ನೇ ನೆಪ ಮಾಡಬಹುದು. ಅದೇ ಅಳತೆಯ ಕಪ್ಲರ್ ಜೋಡಿ ತಂದು ನಡುವೆ ಸೇರಿಸಿದರೆ ಕತ್ತರಿಯೇ ಬೇಕಾಗದು. ತಂತಿ ತಿರುಚಿ ಟೇಪು ಸುತ್ತುವ ಕೆಲಸ ಬೇಸಿಗೆಯಲ್ಲಿ ಅಂಟು ಕರಗುವವರೆಗೆ ಮಾತ್ರ ನಿಲ್ಲುತ್ತದೆ. ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ಗು, ಅದರ ಮೇಲೆ ಬಿಸಿಗೆ ಕುಗ್ಗುವ ಸ್ಲೀವು ಇರಲಿ.

ತಂತಿಗಳನ್ನು ಕಟ್ಟುವ ಮುನ್ನ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ತಂತಿ ಎಲ್ಲಿಯೂ ಬಿಗಿಯಬಾರದು, ಆ್ಯಕ್ಸಿಲರೇಟರ್ ಕೇಬಲನ್ನೂ ಬ್ರೇಕ್ ಹೋಸನ್ನೂ ತಳ್ಳಬಾರದು, ಸ್ಪೀಕರು ಟ್ಯಾಂಕಿಗೆ ತಾಗಬಾರದು, ಮೀಟರನ್ನೂ ಹೆಡ್‌ಲೈಟನ್ನೂ ಮರೆಮಾಡಬಾರದು. ಆಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಎರಡೂ ಕಡೆ ತಿರುಗಿಸಿ. ಎಂಜಿನ್ನಿನ ವೇಗ ತಾನಾಗಿ ಏರಿದರೆ ಕೇಬಲು ಎಲ್ಲೋ ಎಳೆಯುತ್ತಿದೆ, ಅದನ್ನು ಸರಿಪಡಿಸದೆ ರಸ್ತೆಗಿಳಿಯಬಾರದು. ಜೋರಾಗಿ ಹಾಡಿಸುತ್ತಾ ಬ್ಯಾಟರಿಯಲ್ಲೂ ಕಿಟ್ಟಿನ ತುದಿಯಲ್ಲೂ ವೋಲ್ಟ್ ಅಳೆದರೆ ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಎಂಜಿನ್ನಿನೊಂದಿಗೆ ಏರಿಳಿಯುವ ಕುಂಯ್ ಎಂಬ ಸದ್ದು ಸ್ಪೀಕರಿನಲ್ಲಿ ಬಂದರೆ ಮೊದಲು ಅರ್ತ್ ತಂತಿಯನ್ನು ಚಾಸಿಯಿಂದ ಬಿಡಿಸಿ ನೇರ ಬ್ಯಾಟರಿಯ ಮೈನಸ್ಸಿಗೆ ತನ್ನಿ. ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟಕ್ಕೇ ಹೋಗುತ್ತದೆ. ಟಿಕ್ ಟಿಕ್ ಎಂಬ ಸದ್ದು ಸ್ಪಾರ್ಕ್ ಪ್ಲಗ್ಗಿನದು, ಅದಕ್ಕೆ ರೆಸಿಸ್ಟರ್ ಇರುವ ಪ್ಲಗ್ಗು ಅಥವಾ ಕ್ಯಾಪು ಮದ್ದು. ಪ್ಲಗ್ಗಿನ ಅಂಕಿತದಲ್ಲಿ ಸಾಮಾನ್ಯವಾಗಿ ‘ಆರ್’ ಅಕ್ಷರ ಇರುತ್ತದೆ.

ಕಾನೂನಿನ ಕಡೆಯಿಂದ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಗಳು ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 190(2) ಶಬ್ದದ ಮಾನದಂಡ ಮೀರಿದ ವಾಹನಕ್ಕೆ ದಂಡ ಹಾಕಲು ಅವಕಾಶ ಕೊಡುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ ಇನ್ನೂ ಬಿಗಿ. ಕೈಗೆ ತಕ್ಷಣ ಸಿಗುವ ಮ್ಯೂಟ್ ಗುಂಡಿ ಎಡ ಹಿಡಿಕೆಯ ಬಳಿ ಇರುವ ಕಿಟ್ಟನ್ನೇ ಆರಿಸುವುದಕ್ಕೆ ಇದು ಸಾಕಷ್ಟು ಕಾರಣ. ಹಿಂದಿನ ಆಂಬುಲೆನ್ಸಿನ ಸೈರನ್ ಕೇಳಿಸಿಕೊಳ್ಳಲೂ ಅದೇ ಗುಂಡಿ ಬೇಕು. ಕೆಂಪು-ನೀಲಿಯಾಗಿ ಮಿನುಗುವ ಸ್ಪೀಕರನ್ನು ಕೊಂಡವರು ದುಡ್ಡು ಕೊಟ್ಟು ಪೊಲೀಸರನ್ನು ಕರೆದಂತೆ.

ಬೆಲೆ ಹೋಲಿಸುವಾಗ ಕಿಟ್ಟಿನ ಬೆಲೆಗೆ ರಿಲೇ, ಬ್ಲೇಡ್ ಫ್ಯೂಸ್ ಹೋಲ್ಡರು, ತಂತಿ, ಸ್ಲೀವು, ಆಟೊ ಎಲೆಕ್ಟ್ರಿಷಿಯನ್ನಿನ ಕೂಲಿ ಇಷ್ಟನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಇವೆಲ್ಲ ಒಳಗೊಂಡಿರುವ ಎರಡು ಸಾವಿರದ ಕಿಟ್, ಯಾವುದೂ ಇಲ್ಲದ ಸಾವಿರದ ಇನ್ನೂರರ ಕಿಟ್ಟಿಗಿಂತ ಕೊನೆಯಲ್ಲಿ ಅಗ್ಗವಾಗಬಹುದು. ಅಂಗಡಿಯಲ್ಲಿ ಕೊಂಡರೆ ಕಿಟ್ಟಿನ ಮಾದರಿ ಸಂಖ್ಯೆ ಬರೆದ ಬಿಲ್ಲನ್ನು ಕೇಳಿ ಪಡೆಯಿರಿ. ಆನ್‌ಲೈನಿನಲ್ಲಿ ಕೊಂಡರೆ ಗಾಡಿಗೆ ಕಟ್ಟುವ ಮುನ್ನ ಬೇರೊಂದು 12 ವೋಲ್ಟ್ ಬ್ಯಾಟರಿಗೆ ಕೊಟ್ಟು ಅರ್ಧ ಗಂಟೆ ಹಾಡಿಸಿ ನೋಡಿ, ತಂತಿ ಕತ್ತರಿಸಿದ ಮೇಲೆ ವಾಪಸು ತೆಗೆದುಕೊಳ್ಳುವವರು ಕಡಿಮೆ. ಆಂಪ್ಲಿಫೈಯರೂ ಸ್ಪೀಕರುಗಳೂ ಪ್ರತ್ಯೇಕವಾಗಿದ್ದು, ನಡುವೆ ಕಳಚಿ ಸೇರಿಸುವ ಕಪ್ಲರುಗಳಿರುವ ಕಿಟ್ಟಿಗೆ ನೂರಿನ್ನೂರು ಹೆಚ್ಚು ಕೇಳಿದರೂ ಕೊಡಿ. ಅದರಲ್ಲಿ ಬೋರ್ಡು ಕೆಟ್ಟರೆ ಬೋರ್ಡನ್ನಷ್ಟೇ ಬದಲಿಸಬಹುದು. ನೀವು ಕಾಳಜಿಯಿಂದ ಹಾಕಿಸಿದ ವೈರಿಂಗೂ ಕ್ಲಾಂಪೂ ಹಾಗೆಯೇ ಉಳಿಯುತ್ತವೆ.